ಮೂವತ್ತು ಕೋಳಿಯ ತೂಕ

ಮೇ 4, ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ನೋಟುಬುಕ್ಕಿನ ಮೊದಲ ಸಾಲು ಹೀಗಿದೆ: ಆಡು, ಇಪ್ಪತ್ತೆರಡು, ಜೀವಂತ, 510 ಕಿಲೋ.

ಹಡಪಸರ ದಾಟಿ ಸೋಲಾಪುರದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ನಮ್ಮ ಸೋದರಮಾವನ ಕಾಟಾ ಇದೆ, ಲಾರಿ ತೂಗುವ ತಕ್ಕಡಿ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ. ಗಾಜಿನ ಕೋಣೆಯಲ್ಲಿ ಕುಳಿತ ನಾನು ಕೆಂಪು ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾದು ಗುಂಡಿ ಒತ್ತುತ್ತೇನೆ. ಚೀಟಿ ಹೊರಗೆ ಬರುತ್ತದೆ. ಹೋಗುವಾಗ ಖಾಲಿ ತೂಕ, ಬರುವಾಗ ಭರ್ತಿ ತೂಕ. ಒಂದರಲ್ಲಿ ಇನ್ನೊಂದು ಕಳೆದರೆ ಮಾಲಿನ ತೂಕ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದವಳನ್ನು ಮಾಮಾ ಎರಡು ತಿಂಗಳ ಮಟ್ಟಿಗೆ ಅಂತ ಕರೆದು ಕೂಡಿಸಿದ್ದ. ಆಗಲೇ ಎಂಟು ತಿಂಗಳಾಗಿತ್ತು.

ಮೇ 3ರಂದು ನಾನು ಒಂದು ಲೇಖನ ಓದಿದ್ದೆ. ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ಜಾತಿವಾರು ತಕ್ಕಡಿಗೆ ಹಾಕಿದರೆ ಯಾವುದು ಎಷ್ಟು ತೂಗುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ಮನುಷ್ಯರು ಮತ್ತು ಮನುಷ್ಯರು ಸಾಕಿದ ದನ, ಎಮ್ಮೆ, ಹಂದಿ, ಕುರಿಗಳ ಮುಂದೆ ಕಾಡಿನ ಸಸ್ತನಿಗಳೆಲ್ಲ ಸೇರಿದರೂ, ಆನೆ ತಿಮಿಂಗಿಲಗಳನ್ನು ಹಿಡಿದು, ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಹಾರುವ ಹಕ್ಕಿಗಳನ್ನೆಲ್ಲ ಒಂದು ಕಡೆ ಇಟ್ಟರೆ ಸಾಕಿದ ಕೋಳಿಗಳೇ ಅವುಗಳ ಎರಡು ಮೂರು ಪಟ್ಟು ಭಾರ. ಇವೆಲ್ಲವನ್ನೂ ಹುಳ, ಇರುವೆ, ಸಿಗಡಿ, ಏಡಿಗಳ ಗುಂಪು ಮೀರಿಸುತ್ತದೆ. ಅವರು ನೀರಿನ ತೂಕ ಬಿಟ್ಟು ಒಳಗಿನ ಇಂಗಾಲವನ್ನು ಲೆಕ್ಕ ಹಾಕಿದ್ದರು. ನನ್ನ ಹತ್ತಿರ ಅಂಥ ತಕ್ಕಡಿ ಇರಲಿಲ್ಲ, ಆದರೆ ಅರವತ್ತು ಟನ್ನಿನ ಕಾಟಾ ಇತ್ತು. ನಮ್ಮ ಹಾಸಿನ ಮೇಲೆ ಒಂದು ತಿಂಗಳಲ್ಲಿ ಹಾದುಹೋಗುವ ಜೀವಗಳ ತೂಕವನ್ನು ಜಾತಿವಾರು ಬರೆಯೋಣ ಅನ್ನಿಸಿತು. ಪ್ರತಿ ಜಾತಿಗೆ ಎರಡು ಕಾಲಂ: ಜೀವಂತ, ಸತ್ತದ್ದು.

ಎರಡನೆಯ ಕಾಲಂ ಯಾಕೆ ಬೇಕಾಯಿತು ಎಂದರೆ, ಗಾಜಿನ ಕೋಣೆಯಿಂದ ಎಲ್ಲ ಕಾಣುತ್ತದೆ. ಆಡುಗಳನ್ನು ಎರಡು ಅಂತಸ್ತು ಮಾಡಿ ತುಂಬಿರುತ್ತಾರೆ. ಮೇಲಿನವುಗಳ ಮೂತ್ರ ಕೆಳಗಿನವುಗಳ ಕಣ್ಣಿಗೆ ಸುರಿಯುತ್ತದೆ. ಕೆಳಗೆ ಬಿದ್ದದ್ದು ಎದ್ದೇಳಲಿ ಎಂದು ಹಲಗೆಯ ಸಂದಿಯಿಂದ ಪ್ಲಾಸ್ಟಿಕ್ ಪೈಪಿನಿಂದ ಹೊಡೆಯುತ್ತಾರೆ. ಎದ್ದರೆ ಜೀವಂತ, ಏಳದಿದ್ದರೆ ಎರಡನೆಯ ಕಾಲಂ. ಎಮ್ಮೆಕರುಗಳ ಮೂಗುದಾಣವನ್ನು ಮುಂಗಾಲಿಗೆ ಗಿಡ್ಡವಾಗಿ ಬಿಗಿದಿರುತ್ತಾರೆ, ಬ್ರೇಕು ಹಾಕಿದಾಗ ಎಲ್ಲ ಒಟ್ಟಿಗೆ ಮುಗ್ಗರಿಸಿ ಒಂದರ ಕೋಡು ಇನ್ನೊಂದರ ಪಕ್ಕೆಗೆ ಇಳಿಯುತ್ತದೆ. ಮೇ 7ರಂದು ಒಂದು ಕರುವಿನ ಕಣ್ಣು ಹೊರಗೆ ಬಂದು ಕೆನ್ನೆಯ ಮೇಲೆ ತೂಗಾಡುತ್ತಿತ್ತು. ಕೆಂಪು ಅಂಕಿ ಅದಕ್ಕಾಗಿ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದುದು ಬ್ರಾಯ್ಲರ್ ಕೋಳಿ. ದೌಂಡದ ಕಡೆಯ ಫಾರ್ಮುಗಳಿಂದ ಬೆಳಗಿನ ಜಾವ ತುಂಬಿಕೊಂಡು ಏಳರ ಒಳಗೆ ನಮ್ಮಲ್ಲಿಗೆ ಬರುತ್ತಿದ್ದವು. ಒಂದೊಂದು ಪ್ಲಾಸ್ಟಿಕ್ ಕ್ರೇಟಿಗೆ ಹತ್ತು ಕೋಳಿ, ಒಂದು ಟೆಂಪೊಗೆ ನೂರಿಪ್ಪತ್ತು ಕ್ರೇಟು. ತುಂಬುವಾಗ ಒಂದು ಕೈಯಲ್ಲಿ ಐದು ಕೋಳಿಗಳ ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಒಳಗೆ ಎಸೆಯುತ್ತಾರೆ. ರೆಕ್ಕೆ ಮುರಿದದ್ದು ಹಾಗೇ ಹೊರಗೆ ಜೋತುಬಿದ್ದಿರುತ್ತದೆ. ಮೇಲಿನ ಕ್ರೇಟು ಕೂಡಿಸುವಾಗ ಕೆಳಗಿನದರ ತಲೆ ಹೊರಗಿದ್ದರೆ ಅದು ಅಲ್ಲೇ ಅರೆದುಹೋಗುತ್ತದೆ.

ಇದನ್ನೆಲ್ಲ ನಾನು ಬರೆಯುತ್ತ ಹೋದೆ. ಅಮ್ಮ ಆ ನೋಟುಬುಕ್ಕನ್ನು ದೇವರ ಕೋಣೆಯ ಹೊಸ್ತಿಲು ದಾಟಿಸಬೇಡ ಎಂದು ಕಟ್ಟಪ್ಪಣೆ ಮಾಡಿದಳು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಲೆಕ್ಕ ಮಾಡಿದರೆ ತಿಂದಹಾಗಾಗುತ್ತದೇನು ಎಂದು ಕೇಳಿದ್ದಕ್ಕೆ, ದಿನಾ ನೋಡಿ ನೋಡಿ ನಿನಗೆ ಏನೂ ಅನ್ನಿಸದಂಗ ಆಗತದ, ಅದಕ್ಕ ಹೇಳತೀನಿ, ಅಂದಳು.

ಕಾಡುಪ್ರಾಣಿಗಳ ಪುಟದಲ್ಲಿ ಒಂದೇ ಸಾಲು. ಮೇ 9, ಮಧ್ಯಾಹ್ನ: ಮುಂಗುಸಿ, ಒಂದು, ಹಾಸಿನ ಈ ತುದಿಯಿಂದ ಆ ತುದಿಗೆ ದಾಟಿತು, ಕಾಟಾ ತೋರಿಸಿದ್ದು ಸೊನ್ನೆ. ನಮ್ಮ ಕಾಟಾಕ್ಕೆ ಹತ್ತು ಕಿಲೋಕ್ಕಿಂತ ಕಡಿಮೆಯದು ಕಾಣುವುದಿಲ್ಲ. ಚೆಲ್ಲಿದ ಜೋಳ ಹೆಕ್ಕುವ ಗುಬ್ಬಿ, ಗೊರವಂಕಗಳೂ ಸೊನ್ನೆ. ಟ್ಯೂಬಲೈಟಿನ ಕೆಳಗೆ ಸತ್ತುಬೀಳುವ ಹುಳಗಳನ್ನು ದಿನಾ ಗುಡಿಸಿ ಡಬ್ಬಿಗೆ ಹಾಕಿ ವಾರಕ್ಕೊಮ್ಮೆ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ತೂಗಿದೆ. ಹದಿನಾಲ್ಕು ಗ್ರಾಂ. ಭೂಮಿಯ ಲೆಕ್ಕದಲ್ಲಿ ಮೊದಲ ಸ್ಥಾನದಲ್ಲಿದ್ದವು ನನ್ನ ಲೆಕ್ಕದಲ್ಲಿ ಕೊನೆಯವು. ಲಾರಿಯಲ್ಲಿ ಹೋಗುವಂಥದ್ದು ಮಾತ್ರ ಭಾರ ಎಂದು ಆ ದಿನ ಬರೆದಿದ್ದೇನೆ. ಬರೆದಾಗ ಬಹಳ ಜಾಣತನದ ಮಾತು ಅನ್ನಿಸಿತ್ತು.

ಈಗ ಕಾಕಾನ ವಿಷಯ.

ಕೋಳಿ ಟೆಂಪೊಗಳಲ್ಲಿ ಒಂದರ ಮೇಲೆ ಐವತ್ತು ದಾಟಿದ ಒಬ್ಬ ಹಮಾಲ ಬರುತ್ತಿದ್ದ. ಕ್ರೇಟುಗಳ ರಾಶಿಯ ತುದಿಯಲ್ಲಿ ಗೋಣಿತಟ್ಟು ಹಾಸಿಕೊಂಡು ಕುಳಿತಿರುತ್ತಿದ್ದ. ಬೇಸಿಗೆಯಲ್ಲಿ ದಾರಿಯುದ್ದಕ್ಕೂ ಕೋಳಿಗಳ ಮೇಲೆ ನೀರು ಚಿಮುಕಿಸುವುದು ಅವನ ಕೆಲಸ. ಇಲ್ಲದಿದ್ದರೆ ಪುಣೆ ಮುಟ್ಟುವುದರೊಳಗೆ ಕ್ರೇಟಿಗೆ ಒಂದೆರಡು ಬಾಯಿ ತೆರೆದು ಸಾಯುತ್ತವೆ. ಕೈಯಲ್ಲಿ ಕ್ರೇಟು ಎಳೆಯುವ ಕಬ್ಬಿಣದ ಕೊಕ್ಕೆ. ಮೊಣಕೈವರೆಗೆ ಕೋಳಿ ಉಗುರಿನ ಗೀರು, ಹಳೆಯದರ ಮೇಲೆ ಹೊಸದು. ಎಡಗೈಯ ಕಿರುಬೆರಳು ಇರಲಿಲ್ಲ. ಇಂಡಿ ತಾಲೂಕಿನ ಕಡೆಯವನು, ಕನ್ನಡದವನು. ನಾನು ಮನೆಗೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ಅಂದಿನಿಂದ ಕಿಟಕಿಯ ಹತ್ತಿರ ಬಂದು ನೀರು ಕೇಳುತ್ತಿದ್ದ. ನಾನು ಕಾಕಾ ಅನ್ನುತ್ತಿದ್ದೆ, ಅವನು ತಂಗಿ ಅನ್ನುತ್ತಿದ್ದ. ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ.

ತೂಕದ ಸಮಯದಲ್ಲಿ ಡ್ರೈವರ್ ಒಬ್ಬನೇ ಗಾಡಿಯಲ್ಲಿ ಇರಬೇಕು, ಉಳಿದವರು ಇಳಿಯಬೇಕು. ಖಾಲಿ ತೂಕದಲ್ಲೂ ಅವನೊಬ್ಬ, ಭರ್ತಿ ತೂಕದಲ್ಲೂ ಅವನೊಬ್ಬ, ಹಾಗಾದರೆ ಮಾಲಿನ ಲೆಕ್ಕ ಕೆಡುವುದಿಲ್ಲ. ಚೀಟಿಯ ಕೆಳಗೆ "ಡ್ರೈವರ್ ಸಹಿತ" ಎಂದು ಅಚ್ಚಾಗುತ್ತದೆ. ಕಾಕಾ ಪ್ರತಿಸಲ ಹಗ್ಗ ಹಿಡಿದು ಏಳು ಕ್ರೇಟಿನ ಎತ್ತರದಿಂದ ಇಳಿಯುತ್ತಿದ್ದ.

ಮೇ 11ರಂದು ಅವನು ಇಳಿಯುವುದು ತಡವಾಯಿತು. ಅವನು ಮೇಲಿದ್ದಾಗ ಒಂದು ಅಂಕಿ ನಿಂತಿತ್ತು, ಇಳಿದಮೇಲೆ ಅರವತ್ತು ಕಡಿಮೆಯಾಯಿತು. ಕಿಟಕಿಗೆ ಬಂದಾಗ ಹೇಳಿದೆ, ಕಾಕಾ ನೀವು ಅರವತ್ತು ಕಿಲೋ ಅದೀರಿ ಅಂತ. ಅವನು ಅದನ್ನು ಕೋಳಿಯಲ್ಲಿ ಹೇಳು ಅಂದ. ಒಂದೊಂದು ಎರಡು ಕಿಲೋ ಹಿಡಿದರೆ ಮೂವತ್ತು.

"ಮೂವತ್ತ ಕೋಳಿ," ಅಂತ ಬಾಯಿಯಲ್ಲಿ ಒಮ್ಮೆ ತಿರುವಿ ನೋಡಿದ. "ಭಾಳ ಆತಲ್ಲ ತಂಗಿ. ಕೋಳಿ ರೇಟರ ದಿನಾ ಏರತದ, ಇಳೀತದ. ನಂದ ನಾಕ ವರ್ಷದಿಂದ ನಿಂತಲ್ಲೇ ನಿಂತದ."

ಅಂದಿನಿಂದ ಅವನು ತನ್ನನ್ನು ಮೂವತ್ತ ಕೋಳಿ ಎಂದೇ ಕರೆದುಕೊಳ್ಳತೊಡಗಿದ. ಮೂವತ್ತ ಕೋಳಿ ಬಂದಾವ, ನೀರ ಕೊಡು. ಡ್ರೈವರನನ್ನೂ ತೂಗಿ ಹೇಳು ಅಂದ. ಆ ಡ್ರೈವರ್ ಮರಾಠಿಯವನು, ನಗುವುದು ಕಡಿಮೆ. ಅವನು ಐವತ್ತು ಕೋಳಿಯಾದರೂ ಆದಾನು, ಅದರಾಗ ಇಪ್ಪತ್ತು ಹೊಟ್ಟಿ, ಎಂದು ಕಾಕಾ ಕನ್ನಡದಲ್ಲಿ ಹೇಳಿ ಮರಾಠಿಯಲ್ಲಿ ಅವನಿಗೆ ಕೈಮುಗಿದ.

ಮೇ 29. ಆ ವಾರ ಬಿಸಿಲು ಆರು ಗಂಟೆಗೇ ಚುಚ್ಚುತ್ತಿತ್ತು. ಟೆಂಪೊ ಏಳು ಹತ್ತಕ್ಕೆ ಹಾಸಿನ ಮೇಲೆ ನಿಂತಿತು. ಹಿಂದೆ ಮೂರು ಲಾರಿ ಸಾಲುಗಟ್ಟಿ ಹಾರ್ನ್ ಬಾರಿಸುತ್ತಿದ್ದವು. ಕಾಕಾ ಮೇಲಿನಿಂದಲೇ ಕೂಗಿ ಹೇಳಿದ:

"ಇವತ್ತ ಇಳಿಯೂದ ಆಗಂಗಿಲ್ಲ ತಂಗಿ. ಮೊಳಕಾಲ ಬಾತದ."

ನಾನು ಕಿಟಕಿಯಿಂದ ಕತ್ತು ಹಾಕಿ, ಇರಲಿ, ಅಲ್ಲೇ ಕೂಡ್ರಿ, ಅರವತ್ತು ನಾ ಕಳೀತೀನಿ ಅಂದೆ. ಗುಂಡಿ ಒತ್ತಿದೆ. ಚೀಟಿ ಬಂತು. ಯಂತ್ರದ ಚೀಟಿಯಲ್ಲಿ ಕೈಯಿಂದ ಕಳೆಯಲು ಜಾಗವಿಲ್ಲ. ಅದರ ಮೇಲೆ ಪೆನ್ನಿನಿಂದ ಒಂದು ಸಾಲು ಬರೆದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು. ಹಿಂದಿನ ಲಾರಿಯವನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಾನು ಚೀಟಿಯನ್ನು ಹಾಗೆಯೇ ಡ್ರೈವರನಿಗೆ ಕೊಟ್ಟು, ನನ್ನ ನೋಟುಬುಕ್ಕಿನಲ್ಲಿ "ಕಾಕಾ ಮೇಲೆ, 60 ಕಳೆಯಬೇಕು" ಎಂದು ಬರೆದೆ. ನನ್ನ ಲೆಕ್ಕ ಸರಿಯಾಯಿತು. ಚೀಟಿಯ ಲೆಕ್ಕದಲ್ಲಿ ಒಬ್ಬ ಮನುಷ್ಯ ಕೋಳಿಯಾಗಿ ಸೇರಿಹೋದ. ಅಂಗಡಿಯಲ್ಲಿ ಮತ್ತೆ ತೂಗಿದಾಗ ಅರವತ್ತು ಕಿಲೋ ಕಡಿಮೆ ಬಿದ್ದರೆ ಅದು ಅವನ ಮೇಲೆ ಮತ್ತು ಡ್ರೈವರನ ಮೇಲೆಯೇ ಬರುತ್ತದೆ ಎಂಬುದೂ ನನಗೆ ಗೊತ್ತಿತ್ತು. ಸಂಜೆ ಅಂಗಡಿಗೆ ಫೋನು ಮಾಡಿ ಹೇಳಿದರಾಯಿತು ಅಂದುಕೊಂಡೆ.

ಏಳು ಹದಿನಾರಕ್ಕೆ ಸದ್ದು ಕೇಳಿತು. ನಮ್ಮಿಂದ ಮುನ್ನೂರು ಹೆಜ್ಜೆಯೂ ಇಲ್ಲ. ಎದುರು ದಿಕ್ಕಿನಲ್ಲಿ ನುಗ್ಗಿಬಂದ ಬೈಕೊಂದನ್ನು ತಪ್ಪಿಸಲು ಟೆಂಪೊ ತಿರುಗಿ, ರಸ್ತೆಯ ನಡುವಿನ ಕಟ್ಟೆಗೆ ಬಡಿದು, ಎಡಕ್ಕೆ ಮಗುಚಿಬಿದ್ದಿತ್ತು. ನಾನು ಮಾಮಾನಿಗೆ ಕೂಗಿ ಹೇಳಿ ಓಡಿದೆ. ನೋಟುಬುಕ್ಕು ಕೈಯಲ್ಲೇ ಇತ್ತು.

ನಾನು ಮುಟ್ಟುವುದರೊಳಗೆ ಡ್ರೈವರನನ್ನು ಹೊರಗೆ ಎಳೆದಿದ್ದರು. ಹಣೆ ಸೀಳಿ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಬೈಕಿನವನು ನೆಲಕ್ಕೆ ಬಿದ್ದು ಅಂಗೈ ತರಚಿಕೊಂಡಿದ್ದ, ಅಷ್ಟೇ. ಆದರೂ ನಾಲ್ಕು ಮಂದಿ ಡ್ರೈವರನನ್ನು ಹೊಡೆಯುತ್ತಿದ್ದರು. ಒಬ್ಬ ಹೆಲ್ಮೆಟ್ಟನ್ನು ಪಟ್ಟಿಯಿಂದ ಹಿಡಿದು ಅವನ ಕಿವಿಯ ಮೇಲೆ ಬೀಸಿದ. ಡ್ರೈವರ್ ಕುಳಿತಲ್ಲೇ ವಾಲಿದ. ಬಾಯಿ ತೆರೆಯುತ್ತಿದ್ದ, ಮಾತು ಹೊರಡುತ್ತಿರಲಿಲ್ಲ. ಕಚೇರಿಗೆ ಹೊರಟಿದ್ದ ಎತ್ತರದ ಮನುಷ್ಯನೊಬ್ಬ ನಡುವೆ ಬಂದು ಹೊಡೆಯುವವರನ್ನು ದೂಡಿದ. ಅವನು ಒಳ್ಳೆಯವನೇ. ಗಾಡಿಯಲ್ಲಿ ಇನ್ನೂ ಯಾರಾದರೂ ಇದ್ದರೇ ಎಂದು ಡ್ರೈವರನನ್ನು ಕೇಳಿದ. ಉತ್ತರ ಬರದಿದ್ದಾಗ ಅವನ ಅಂಗಿಯ ಜೇಬಿನಿಂದ ಚೀಟಿ ತೆಗೆದು ಓದಿದ. "ಡ್ರೈವರ್ ಸಹಿತ." ಏಕಚ ಮಾಣೂಸ, ಒಬ್ಬನೇ ಇದ್ದ, ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಆ ಮಾತು ಬಿದ್ದದ್ದೇ ತಡ, ಜನ ಕೋಳಿಗಳ ಕಡೆ ತಿರುಗಿದರು.

ಕ್ರೇಟುಗಳು ರಸ್ತೆಯ ತುಂಬ ಒಡೆದು ಬಿದ್ದಿದ್ದವು. ಕೋಳಿಗಳು ಓಡಲಿಲ್ಲ. ಅವುಗಳಿಗೆ ಓಡಿ ಗೊತ್ತಿಲ್ಲ, ಎದೆಯ ಭಾರಕ್ಕೆ ಕಾಲು ಮಡಚಿ ಡಾಂಬರಿನ ಮೇಲೆ ಕೂತವು. ಬಸ್ಸಿನಿಂದ ಇಳಿದವರು, ರಿಕ್ಷಾದವರು, ಎದುರಿನ ಕಟ್ಟಡದ ಗಾರೆಯವರು, ಎಲ್ಲರೂ ಬಂದರು. ಒಬ್ಬ ಎರಡು ಕೈಯಲ್ಲಿ ಆರು ಹಿಡಿದು ಮಂಡಿಯ ಮೇಲೆ ಅವುಗಳ ಕತ್ತು ಒಂದೊಂದಾಗಿ ತಿರುವಿದ. ಇನ್ನೊಬ್ಬ ಸ್ಕೂಟರಿನ ಡಿಕ್ಕಿಯೊಳಗೆ ತುರುಕಿ ಮುಚ್ಚಲು ಆಗದೆ ಮೇಲೆ ಕುಳಿತು ಒತ್ತಿದ, ಒಳಗಿನಿಂದ ಸದ್ದು ಬಂದು ನಿಂತಿತು. ಒಬ್ಬ ಹೆಂಗಸು ಸೆರಗಿನಲ್ಲಿ ಐದು ಕಟ್ಟಿಕೊಂಡಿದ್ದಳು, ಸೀರೆಯಲ್ಲಿ ಕೆಂಪು ಹರಡುತ್ತಿತ್ತು. ಒಂದೇ ಕೋಳಿಗೆ ಇಬ್ಬರು ಕೈಹಾಕಿ ಎಳೆದು, ರೆಕ್ಕೆ ಒಬ್ಬನ ಪಾಲಿಗೆ, ಉಳಿದದ್ದು ಇನ್ನೊಬ್ಬನ ಪಾಲಿಗೆ ಬಂತು.

ನಾನು ಏನು ಮಾಡುತ್ತಿದ್ದೆ ಎಂದು ಬರೆಯಲೇಬೇಕು. ನಾನು ಎಣಿಸುತ್ತಿದ್ದೆ. ರಸ್ತೆಯ ಅಂಚಿನಲ್ಲಿ ನಿಂತು, ಪೆನ್ನು ತೆರೆದು, ನನ್ನ ಕಣ್ಣೆದುರು ಹೊತ್ತುಕೊಂಡು ಹೋದ ಪ್ರತಿ ಕೋಳಿಗೂ ಒಂದು ಗೆರೆ ಎಳೆಯುತ್ತಿದ್ದೆ. ಐದಕ್ಕೊಂದು ಅಡ್ಡಗೆರೆ. ಮಾಲಿನವನಿಗೆ ಲೆಕ್ಕ ಹೇಳಬೇಕಾಗುತ್ತದೆ ಎಂಬುದು ತಲೆಯಲ್ಲಿತ್ತೋ, ಅಥವಾ ಕೈ ಬೇರೇನೂ ಕಲಿತಿರಲಿಲ್ಲವೋ. ಆ ಪುಟ ಇನ್ನೂ ಇದೆ. ಐದರ ಆರು ಕಟ್ಟುಗಳಿವೆ.

ಆರನೆಯ ಅಡ್ಡಗೆರೆ ಎಳೆದು, ಪಕ್ಕದಲ್ಲಿ "30" ಎಂದು ಬರೆದೆ. ಅಭ್ಯಾಸದಂತೆ ಎರಡರಿಂದ ಗುಣಿಸಿದೆ.

ಅರವತ್ತು.

ಮೊದಲು ನಾನು ಕನ್ನಡದಲ್ಲಿ ಕೂಗಿದೆ. ಯಾರಿಗೂ ತಿಳಿಯಲಿಲ್ಲ. ಆಮೇಲೆ ಮರಾಠಿಯಲ್ಲಿ, ಆತ ಮಾಣೂಸ ಆಹೆ, ಒಳಗೆ ಮನುಷ್ಯ ಇದ್ದಾನೆ ಎಂದು. ಎತ್ತರದ ಮನುಷ್ಯ ಚೀಟಿ ಎತ್ತಿ ತೋರಿಸಿದ. ಅದನ್ನು ಕೊಟ್ಟವಳು ನಾನೇ, ಅದು ತಪ್ಪು, ಅಂದೆ. ಅವನು ಅದನ್ನು ಜೇಬಿಗೆ ತುರುಕಿ ಟೆಂಪೊದ ಕಡೆ ಓಡಿದ. ಉಳಿದವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಟೆಂಪೊದ ಎಡ ಮಗ್ಗುಲಿಗೆ ರಾಶಿಬಿದ್ದಿದ್ದ ಕ್ರೇಟುಗಳ ಮೇಲೆ ಏಳೆಂಟು ಜನ ಹತ್ತಿ ನಿಂತು ಕಾಲಿನಿಂದ ಒತ್ತಿ ಮುಚ್ಚಳ ಒಡೆಯುತ್ತಿದ್ದರು. ಅವರ ಕಾಲ ಕೆಳಗೇ ಅವನು ಇರಬೇಕಿತ್ತು.

ಕೊಕ್ಕೆ ರಸ್ತೆಯ ಮೇಲೆ ಬಿದ್ದಿತ್ತು. ಕಾಕಾನ ಕೊಕ್ಕೆ. ಎತ್ತಿಕೊಂಡೆ. ಹತ್ತಿರದವನ ಅಂಗಿ ಹಿಡಿದು ಇಳಿ ಎಂದೆ. ಅವನು ನಕ್ಕು, ನಿನಗೂ ಎರಡು ಕೊಡುತ್ತೇನೆ ತಗೋ ಎಂದ. ಅವನ ಮುಂಗೈಯ ಮೇಲೆ ಕೊಕ್ಕೆಯಿಂದ ಹೊಡೆದೆ. ಎಲುಬಿನ ಸದ್ದು ನನಗೆ ಕೇಳಿಸಿತು. ಅವನು ಕೋಳಿ ಬಿಟ್ಟು ಕೈ ಹಿಡಿದುಕೊಂಡು ಕೂತ. ಇನ್ನೊಬ್ಬ ನನ್ನ ಕಪಾಳಕ್ಕೆ ಹೊಡೆದ, ಬಾಯಲ್ಲಿ ಉಪ್ಪು ಬಂತು. ಅವನ ಭುಜಕ್ಕೂ ಹೊಡೆದೆ. ಎರಡು ಏಟು ಕೊಟ್ಟೆ, ಒಂದು ತಿಂದೆ. ಅದನ್ನೂ ಬರೆದಿಟ್ಟಿದ್ದೇನೆ.

ಅಷ್ಟರಲ್ಲಿ ಎತ್ತರದ ಮನುಷ್ಯ ರಾಶಿಯೊಳಗೆ ಕೈಹಾಕಿ ಕ್ರೇಟು ಎತ್ತಿ ಎಸೆಯತೊಡಗಿದ್ದ. ನಾಲ್ಕನೆಯ ಕ್ರೇಟಿನ ಕೆಳಗೆ ಒಂದು ಕೈ ಕಂಡಿತು. ಕಿರುಬೆರಳಿಲ್ಲದ ಕೈ.

ಸೆರಗಿನಲ್ಲಿ ಕೋಳಿ ಕಟ್ಟಿಕೊಂಡಿದ್ದ ಹೆಂಗಸು ಗಂಟು ಬಿಚ್ಚಿ ಎಲ್ಲವನ್ನೂ ಕೆಳಗೆ ಸುರಿದು ಮುಂದೆ ಬಂದಳು. ಕತ್ತು ತಿರುವುತ್ತಿದ್ದವನು ಬಂದ. ನಾನು ಹೊಡೆದವನೂ ಒಂದು ಕೈಯಿಂದ ಬಂದ. ಕ್ರೇಟುಗಳು ಕೈಯಿಂದ ಕೈಗೆ ದಾಟಿದವು. ಕಾಕಾನ ಎದೆಯ ಮೇಲೆ ಮೂರು ಕ್ರೇಟು, ಕಾಲುಗಳ ಮೇಲೆ ಟೆಂಪೊದ ಪಕ್ಕದ ಕಬ್ಬಿಣದ ಹಲಗೆ. ಹದಿನೆಂಟೋ ಇಪ್ಪತ್ತೋ ಜನ ಸೇರಿ ಆ ಮಗ್ಗುಲನ್ನು ಒಂದು ಗೇಣು ಎತ್ತಿದರು. ಇಬ್ಬರು ಎಳೆದರು. ಬಲ ತೊಡೆ ಇರಬಾರದ ಕಡೆ ಮಡಚಿತ್ತು. ಬಾಯಿಯ ತುಂಬ ಪುಕ್ಕ. ನಾನು ಬೆರಳು ಹಾಕಿ ತೆಗೆದೆ. ಉಸಿರು ಬರುತ್ತಿತ್ತು, ಒಳಗೆ ನೀರು ಕುದಿಯುವ ಸದ್ದಿನಂತೆ.

ಅವನು ಕಣ್ಣು ತೆರೆದು ನನ್ನನ್ನು ಗುರುತಿಸಿದ.

"ಅರವತ್ತ ಕಳದಿ ಏನ, ತಂಗಿ?"

"ಕಳದೀನ್ರಿ ಕಾಕಾ," ಅಂದೆ.

ಅದು ಸುಳ್ಳು. ಚೀಟಿ ಎತ್ತರದ ಮನುಷ್ಯನ ಜೇಬಿನಲ್ಲಿ ಹಾಗೆಯೇ ಇತ್ತು.

ತರಕಾರಿ ಖಾಲಿ ಮಾಡಿ ಬರುತ್ತಿದ್ದ ಪಿಕಪ್ ಒಂದನ್ನು ನಿಲ್ಲಿಸಿ ಅವನನ್ನೂ ಡ್ರೈವರನನ್ನೂ ಹಿಂದೆ ಮಲಗಿಸಿದರು. ಎತ್ತರದ ಮನುಷ್ಯ ಹತ್ತಿದ. ನಾನು ಹತ್ತಲು ಹೋದಾಗ ಮಾಮಾ ಬಂದು ತೋಳು ಹಿಡಿದ. ಕಾಟಾದ ಹತ್ತಿರ ಏಳು ಲಾರಿ ನಿಂತಿವೆ, ನಿನ್ನ ಬಾಯಲ್ಲಿ ರಕ್ತ ಇದೆ, ಗಂಡಸರು ಹೋಗುತ್ತಿದ್ದಾರೆ, ನೀನು ಯಾಕೆ, ಅಂದ. ನಾನು ಬಿಡಿಸಿಕೊಳ್ಳಲಿಲ್ಲ. ಪಿಕಪ್ ಹಡಪಸರದ ಕಡೆ ಹೋಯಿತು. ಅದರ ನಂಬರನ್ನು ಬರೆದುಕೊಳ್ಳಲಿಲ್ಲ. ಎಂಟು ತಿಂಗಳಲ್ಲಿ ನಾನು ನಂಬರು ಬರೆದುಕೊಳ್ಳದ ಗಾಡಿ ಅದೊಂದೇ.

ಆಮೇಲೆ ರಸ್ತೆಯಲ್ಲಿ ಉಳಿದ ಕೋಳಿಗಳ ಮೇಲೆ ಲಾರಿಗಳು ಹಾದವು. ಹನ್ನೊಂದು ಗಂಟೆಯ ಹೊತ್ತಿಗೆ ಬಿಳಿ ಪುಕ್ಕ ಡಾಂಬರಿಗೆ ಅಂಟಿ, ಎಣಿಸಲು ಬರದಂತಾಗಿತ್ತು.

ಮಧ್ಯಾಹ್ನ ಎರಡು ಆಸ್ಪತ್ರೆಗಳಿಗೆ ಹೋದೆ. ಹೆಸರೇನು ಎಂದು ಕೇಳಿದರು. ಗೊತ್ತಿಲ್ಲ, ಐವತ್ತು ದಾಟಿದವರು, ಅರವತ್ತು ಕಿಲೋ, ಎಡಗೈ ಕಿರುಬೆರಳಿಲ್ಲ, ಅಂದೆ. ರಿಜಿಸ್ಟರಿನಲ್ಲಿ ತೂಕದಿಂದ ಯಾರನ್ನೂ ಹುಡುಕಲಾಗುವುದಿಲ್ಲ ಎಂದು ಒಂದು ಕಡೆ ಕೌಂಟರಿನಲ್ಲಿದ್ದಾಕೆ ಸಮಾಧಾನದಿಂದಲೇ ಹೇಳಿದಳು. ಮರುದಿನ ಇನ್ನೂ ಮೂರು ಕಡೆ ಹೋದೆ. ಟೆಂಪೊದ ನಂಬರು ಹಿಡಿದು ಡ್ರೈವರನ ಫೋನ್ ಸಂಪಾದಿಸಿದೆ, ಬಂದ್ ಇತ್ತು, ಊರಿಗೆ ಹೋದನಂತೆ. ಕೋಳಿ ಅಂಗಡಿಯವನು ಆ ಹಮಾಲರೆಲ್ಲ ದಿನಗೂಲಿಯವರು, ಒಂದು ವಾರ ಇವನು, ಒಂದು ವಾರ ಅವನು, ಹೆಸರು ಯಾರು ಕೇಳುತ್ತಾರೆ ಎಂದ. ಆ ದಿನದ ಚೀಟಿಯಲ್ಲಿ ಅರವತ್ತು ಕಿಲೋ ಹೆಚ್ಚು ಬಂದಿದೆ, ತಪ್ಪು ನನ್ನದು ಎಂದು ಹೇಳಿದಾಗ ಅವನು ನಕ್ಕ. ಆ ಲೋಡು ಪೂರ್ತಿ ಹೋಯಿತಲ್ಲ ತಾಯಿ, ಇನ್ನು ಅರವತ್ತರದ್ದೇನು.

ಜೂನ್ 3ಕ್ಕೆ ತಿಂಗಳ ಮೊತ್ತ ಹಾಕಬೇಕಿತ್ತು, ಹಾಕಿದೆ. ಕೋಳಿಯ ತೂಕ ಉಳಿದ ಎಲ್ಲ ಜಾತಿಗಳನ್ನು ಕೂಡಿದ್ದಕ್ಕಿಂತ ಹೆಚ್ಚು. ಆಮೇಲೆ ಎಮ್ಮೆ, ಆಮೇಲೆ ಆಡು ಕುರಿ. ಮನುಷ್ಯರಿಗೆ ನಾನು ಪುಟವನ್ನೇ ತೆರೆದಿರಲಿಲ್ಲ. ಕಾಟಾದಲ್ಲಿ ಡ್ರೈವರ್ ಎರಡು ಸಲ ತೂಗಿ ಒಂದರಲ್ಲಿ ಒಂದು ಕಳೆದುಹೋಗುತ್ತಾನೆ, ಲೆಕ್ಕದಲ್ಲಿ ಉಳಿಯುವುದಿಲ್ಲ. ಈಗ ಹೊಸ ಪುಟ ತೆರೆದು, ಕೋಳಿಯ ಮೊತ್ತದಿಂದ ಅರವತ್ತು ಕಳೆದು, ಅಲ್ಲಿಗೆ ತಂದೆ. ಮನುಷ್ಯ, ಒಂದು, 60 ಕಿಲೋ. ಎರಡು ಕಾಲಂಗಳಿವೆ. ಯಾವುದರ ಕೆಳಗೆ ಬರೆಯಬೇಕು ಎಂದು ಗೊತ್ತಾಗದೆ, ಅಂಕಿಯನ್ನು ನಡುವಿನ ಗೆರೆಯ ಮೇಲೆ ಬರೆದಿದ್ದೇನೆ.

ಅಮ್ಮ ಅಂದದ್ದು ಆಗಿಲ್ಲ. ನನಗೆ ಅನ್ನಿಸುತ್ತದೆ. ಆದರೆ ಮೂವತ್ತು ಗೆರೆ ಎಳೆಯುವಷ್ಟು ಹೊತ್ತು ಅನ್ನಿಸಿರಲಿಲ್ಲ. ಆ ಹೊತ್ತಿನಲ್ಲಿ ಅವನ ಎದೆಯ ಮೇಲೆ ಜನ ನಿಂತಿದ್ದರು.

ಕಾಟಾದಲ್ಲಿ ಈಗಲೂ ಕೂರುತ್ತೇನೆ. ಗಾಡಿಯಲ್ಲಿ ಎಷ್ಟು ಜನ ಎಂದು ಕೇಳಿ, ಒಬ್ಬೊಬ್ಬರ ಹೆಸರನ್ನೂ ಚೀಟಿಯ ಹಿಂಭಾಗದಲ್ಲಿ ಕೈಯಿಂದ ಬರೆದ ಮೇಲೆಯೇ ಕೊಡುತ್ತೇನೆ. ಹಿಂದಿನವರು ಹಾರ್ನ್ ಬಾರಿಸುತ್ತಾರೆ, ಬಾರಿಸಲಿ.

ಇದನ್ನು ಓದುವವರಲ್ಲಿ ಇಂಡಿ ತಾಲೂಕಿನ ಕಡೆಯವರಿದ್ದರೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿದ್ದರೆ, ಮೇ 29ರ ಬೆಳಗ್ಗೆ ಖಾಲಿ ತರಕಾರಿ ಪಿಕಪ್ ಓಡಿಸಿಕೊಂಡು ಹಡಪಸರಕ್ಕೆ ಬಂದವರಿದ್ದರೆ, ಅಥವಾ ಆ ಎತ್ತರದ ಮನುಷ್ಯ ನೀವೇ ಆಗಿದ್ದರೆ: ಕಿರುಬೆರಳಿಲ್ಲದ, ಬಲ ತೊಡೆ ಮುರಿದ ಆ ಹಮಾಲ ಏನಾದ, ಈಗ ಎಲ್ಲಿದ್ದಾನೆ ಎಂದು ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ಬರೆಯಿರಿ, ನನಗೆ ಮುಟ್ಟಿಸುತ್ತಾರೆ. ಅವನ ಹೆಸರನ್ನೂ ಬರೆಯಿರಿ. ಅವನು ಎದ್ದು ಓಡಾಡುತ್ತಿದ್ದರೆ, ಆಗ ಅರವತ್ತು ಕಳೆದಿರಲಿಲ್ಲ, ಸುಳ್ಳು ಹೇಳಿದ್ದೆ ಅಂತ ಅವನಿಗೆ ತಿಳಿಸಿ.